ಇಲಿ ಬಿಡಿ, ಕೀಲಿ ಹಿಡಿಯಿರಿ

(ಸ್ಪ್ರೆಡ್‌ಶೀಟ್‌ನಲ್ಲಿ ಅಂಕಪಟ್ಟಿ ಬೇಗ ಮತ್ತು ಸರಿಯಾಗಿ ಮಾಡುವ ಬಗೆ)



ಕಂಪ್ಯೂಟರ್ ಪೀರಿಯಡ್ ಅಂದ್ರೆ ನಮಗೆಲ್ಲ ಖುಷಿ. ಆದರೆ ಪೀರಿಯಡ್ ಇರೋದು 40 ನಿಮಿಷ, ಒಂದು ಕಂಪ್ಯೂಟರಿಗೆ ನಾಲ್ಕು ಜನ. ಭಾಗಿಸಿದರೆ ತಲಾ ಹತ್ತೇ ನಿಮಿಷ. ಮಧ್ಯೆ ಕರೆಂಟು ಹೋದರೆ ಅದೂ ಇಲ್ಲ. ಈ ಹತ್ತು ನಿಮಿಷದಲ್ಲಿ ಅರ್ಧ ಹೊತ್ತು ಮೌಸ್ ಎಳೆಯೋದರಲ್ಲೇ ಕಳೆದು ಹೋಗುತ್ತೆ. ಬಾಣದ ಗುರುತು ಎಲ್ಲಿದೆ ಅಂತ ಹುಡುಕಬೇಕು, ಮೆನು ತೆಗೀಬೇಕು, ಸಣ್ಣ ಸಣ್ಣ ಅಕ್ಷರ ಓದಬೇಕು, ಆಮೇಲೆ ಒತ್ತಬೇಕು. ಅಷ್ಟರಲ್ಲಿ ಪಕ್ಕದವರು "ನನ್ ಟೈಮ್ ಆಯ್ತು, ಏಳು" ಅಂತಾರೆ.

ಇನ್ನೊಂದು ಮಾತು. ನಮ್ಮ ಊರಿನ ಅಣ್ಣಂದಿರು, ಅಕ್ಕಂದಿರು ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿ ಕೆಂಗೇರಿ, ವಿಜಯನಗರ, ರಾಜಾಜಿನಗರದ ಕಡೆ ಕೆಲಸ ಕೇಳಿಕೊಂಡು ಹೋಗ್ತಾರೆ. ಅಂಗಡಿಯ ಬಿಲ್ಲಾಗಲಿ, ಗೋಡೌನಿನ ಸ್ಟಾಕ್ ಆಗಲಿ, ಲೆಕ್ಕ ಬರೆಯುವ ಕೆಲಸ ಅಂದಮೇಲೆ "ಎಕ್ಸೆಲ್ ಬರುತ್ತಾ?" ಅಂತ ಕೇಳೇ ಕೇಳ್ತಾರೆ. ಬರುತ್ತೆ ಅನ್ನೋದು ಬೇರೆ, ಎದುರಿಗೆ ಕೂತು ಮಾಡಿ ತೋರಿಸೋದು ಬೇರೆ. ಅದಕ್ಕೇ ಈ ಲೇಖನ.

ಸ್ಪ್ರೆಡ್‌ಶೀಟ್ ಎಂದರೇನು?

ಹಾಜರಿ ಪುಸ್ತಕ ನೋಡಿದ್ದೀರಲ್ಲ? ಅಡ್ಡ ಗೆರೆ, ಉದ್ದ ಗೆರೆ, ನಡುವೆ ಚೌಕಾಬಾರದ ಹಾಗೆ ಮನೆಗಳು. ಸ್ಪ್ರೆಡ್‌ಶೀಟ್ ಕೂಡ ಹಾಗೇ. ಒಂದೊಂದು ಮನೆಗೂ 'ಸೆಲ್' ಅಂತ ಹೆಸರು. ಅಡ್ಡಸಾಲುಗಳಿಗೆ 1, 2, 3 ಎಂದು ಸಂಖ್ಯೆ. ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರ. ಬಿ ಕಂಬಸಾಲು, 2ನೇ ಅಡ್ಡಸಾಲು ಸೇರುವ ಮನೆಗೆ ವಿಳಾಸ ಬಿ2.

ಹಾಜರಿ ಪುಸ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇಲ್ಲಿ ಮನೆಯೊಳಗೆ ಲೆಕ್ಕವನ್ನೇ ಬರೆದಿಡಬಹುದು. ಒಂದು ಅಂಕ ತಿದ್ದಿದರೆ ಅದಕ್ಕೆ ಸೇರಿದ ಮೊತ್ತ, ಸರಾಸರಿ, ಶೇಕಡ ಎಲ್ಲವೂ ತಾವೇ ಬದಲಾಗುತ್ತವೆ.

ಮೈಕ್ರೋಸಾಫ್ಟ್ ಕಂಪನಿಯ ಎಕ್ಸೆಲ್, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್, ಇವೆರಡೂ ಸ್ಪ್ರೆಡ್‌ಶೀಟ್‌ಗಳೇ. ಕೆಳಗೆ ಹೇಳಿರುವ ಹೆಚ್ಚಿನ ಕೀಲಿಗಳು ಎರಡರಲ್ಲೂ ನಡೆಯುತ್ತವೆ. ವ್ಯತ್ಯಾಸ ಇರುವ ಕಡೆ ಹೇಳಿದ್ದೇನೆ.

ಇದು ಹುಟ್ಟಿದ್ದು ಕರಿಹಲಗೆಯಿಂದ!

ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಓದುತ್ತಿದ್ದರು. ಅಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡ ಲೆಕ್ಕದ ಪಟ್ಟಿ ಬರೆಯೋರು. ಒಂದು ಸಂಖ್ಯೆ ತಪ್ಪಾದರೆ ಅದರ ಮುಂದಿನದನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಾಗಿತ್ತು. ತಾನೇ ತಿದ್ದಿಕೊಳ್ಳುವ ಬೋರ್ಡ್ ಇದ್ದರೆ ಹೇಗೆ ಅಂತ ಬ್ರಿಕ್ಲಿನ್‌ಗೆ ಯೋಚನೆ ಬಂತು. ಬಾಬ್ ಫ್ರಾಂಕ್‌ಸ್ಟನ್ ಎಂಬ ಗೆಳೆಯರ ಜೊತೆ ಸೇರಿ 1979ರಲ್ಲಿ 'ವಿಸಿಕ್ಯಾಲ್ಕ್' ತಂದರು.

ವಿಸಿಕ್ಯಾಲ್ಕ್ ಮೊದಲು ಓಡಿದ್ದು ಆಪಲ್ 2 ಎಂಬ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿನ ಜೊತೆ ಮೌಸ್ ಬರುತ್ತಿರಲಿಲ್ಲ. ಬಾಣದ ಕೀಲಿಗಳೂ ಎಡ, ಬಲ ಎರಡೇ. ಮೇಲೆ ಕೆಳಗೆ ಹೋಗಬೇಕಾದರೆ ಸ್ಪೇಸ್ ಬಾರ್ ಒತ್ತಿ ದಿಕ್ಕು ಬದಲಿಸಿಕೊಳ್ಳಬೇಕಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಕೂಡ ಕೀಲಿಗಳಿಂದಲೇ ನಡೆಯುತ್ತಿತ್ತು. ಅದರಲ್ಲಿ ಓರೆಗೆರೆ (/) ಒತ್ತಿದರೆ ಮೆನು ಬರುತ್ತಿತ್ತು. ಈಗಲೂ ಎಕ್ಸೆಲ್‌ನಲ್ಲಿ ಓರೆಗೆರೆ ಒತ್ತಿ ನೋಡಿ, ಮೇಲಿನ ಮೆನು ಮೇಲೆ ಸಣ್ಣ ಸಣ್ಣ ಅಕ್ಷರಗಳು ಏಳುತ್ತವೆ. ಹಳೆಯ ಅಭ್ಯಾಸದವರಿಗಾಗಿ ಉಳಿಸಿಕೊಂಡ ದಾರಿ ಅದು.

ಹೀಗೆ ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಕೀಲಿಗಳಿಂದ, ಮೌಸ್ ಸೇರಿಕೊಂಡಿದ್ದು ಆಮೇಲೆ.

ಎಷ್ಟು ಹೊತ್ತು ಉಳಿಯುತ್ತೆ? ಲೆಕ್ಕ ಹಾಕೋಣ

ಒಂದು ತರಗತಿಯಲ್ಲಿ 40 ಮಕ್ಕಳು, 6 ವಿಷಯ. ಒಟ್ಟು 40 × 6 = 240 ಅಂಕ ತುಂಬಬೇಕು. ಒಂದೊಂದು ಅಂಕಕ್ಕೂ ಕೈ ಮೌಸಿಗೆ ಹೋಗಿ ವಾಪಸ್ ಬರೋದಕ್ಕೆ 2 ಸೆಕೆಂಡು ಅಂತ ಇಟ್ಟುಕೊಳ್ಳಿ. 240 × 2 = 480 ಸೆಕೆಂಡು, ಅಂದರೆ 8 ನಿಮಿಷ. ನಮ್ಮ ಪಾಲಿನ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಬರೀ ಕೈ ಆಡಿಸಿದ್ದಕ್ಕೇ ಹೋಯ್ತು! ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಇದಕ್ಕೂ ಸಲ್ಲುತ್ತೆ.

ಇದನ್ನು ಇಂಗ್ಲಿಷಿನಲ್ಲಿ 'ಶಾರ್ಟ್‌ಕಟ್' ಅಂತಾರೆ. ಅಡ್ಡದಾರಿ ಅಂದ್ರೆ ನಮ್ಮಲ್ಲಿ ಒಳ್ಳೆ ಅರ್ಥ ಇಲ್ಲ. ಹೊಲದ ಬದುವಿನ ಮೇಲೆ ಹೋಗುವ ಕಾಲುದಾರಿ ಅಂತ ಅಂದುಕೊಳ್ಳಿ. ತಲುಪುವ ಊರು ಅದೇ, ನಡಿಗೆ ಮಾತ್ರ ಕಡಿಮೆ.

ಮೊದಲ ಪಾಠ: ಓಡಾಡುವುದು

1. ಬಾಣದ ಕೀಲಿ ಒತ್ತಿದರೆ ಒಂದು ಮನೆ ಮುಂದಕ್ಕೆ.
2. ಕಂಟ್ರೋಲ್ ಹಿಡಿದು ಬಾಣ ಒತ್ತಿದರೆ ಆ ದಿಕ್ಕಿನಲ್ಲಿ ತುಂಬಿದ ಮನೆಗಳು ಮುಗಿಯುವ ಜಾಗಕ್ಕೆ ಒಂದೇ ನೆಗೆತ.
3. ಕಂಟ್ರೋಲ್ + ಹೋಮ್ ಒತ್ತಿದರೆ ಮೊದಲ ಮನೆ ಎ1ಕ್ಕೆ.
4. ಕಂಟ್ರೋಲ್ + ಎಂಡ್ ಒತ್ತಿದರೆ ಬಳಸಿದ ಜಾಗದ ಕೊನೆಯ ಮೂಲೆಗೆ.
5. ಕಂಟ್ರೋಲ್ + ಪೇಜ್ ಡೌನ್ ಒತ್ತಿದರೆ ಮುಂದಿನ ಹಾಳೆಗೆ, ಪೇಜ್ ಅಪ್ ಒತ್ತಿದರೆ ಹಿಂದಿನ ಹಾಳೆಗೆ.

ನೆನಪಿಡಿ: ಎಕ್ಸೆಲ್‌ನಲ್ಲಿ ಬಾಣ ಒತ್ತಿದಾಗ ಮನೆ ಬದಲಾಗದೆ ಇಡೀ ಹಾಳೆಯೇ ಜರುಗುತ್ತಿದ್ದರೆ ಗಾಬರಿ ಬೇಡ. ಯಾರೋ ಸ್ಕ್ರಾಲ್ ಲಾಕ್ ಒತ್ತಿದ್ದಾರೆ. ಇನ್ನೊಮ್ಮೆ ಒತ್ತಿ, ಸರಿ ಹೋಗುತ್ತೆ.

ಎರಡನೇ ಪಾಠ: ಅಂಕ ತುಂಬುವುದು

ಎ ಕಂಬಸಾಲಿನಲ್ಲಿ ಹೆಸರು, ಬಿ ಇಂದ ಜಿ ವರೆಗೆ ಆರು ವಿಷಯ ಇರಲಿ. 1ನೇ ಅಡ್ಡಸಾಲು ತಲೆಬರಹಕ್ಕೆ. ಹಾಗಾದರೆ 40 ಮಕ್ಕಳು 2ರಿಂದ 41ರ ತನಕ ಬರುತ್ತಾರೆ.

ಒಬ್ಬ ವಿದ್ಯಾರ್ಥಿಯ ಆರೂ ವಿಷಯ ಒಟ್ಟಿಗೆ ತುಂಬುವುದಾದರೆ ಬಿ2ರಲ್ಲಿ ಅಂಕ ಬರೆದು ಟ್ಯಾಬ್ ಒತ್ತಿ. ಬಲಗಡೆ ಮನೆಗೆ ಹೋಗುತ್ತೆ. ಹೀಗೇ ಜಿ2ರ ತನಕ ಹೋಗಿ, ಅಲ್ಲಿ ಟ್ಯಾಬ್ ಬದಲು ಎಂಟರ್ ಒತ್ತಿ. ಅದು ತಾನೇ ಬಿ3ಕ್ಕೆ ಬಂದು ನಿಲ್ಲುತ್ತೆ! ಟ್ಯಾಬ್ ಎಲ್ಲಿಂದ ಶುರುವಾಯ್ತು ಅಂತ ಅದಕ್ಕೆ ನೆನಪಿರುತ್ತೆ.

ಒಂದು ವಿಷಯದ ಪೇಪರ್ ಕಟ್ಟು ಇಟ್ಟುಕೊಂಡು ತುಂಬುವುದಾದರೆ ಅಂಕ ಬರೆದು ಎಂಟರ್, ಅಂಕ ಬರೆದು ಎಂಟರ್, ಅಷ್ಟೇ. ಶಿಫ್ಟ್ + ಎಂಟರ್ ಒತ್ತಿದರೆ ಮೇಲಕ್ಕೆ, ಶಿಫ್ಟ್ + ಟ್ಯಾಬ್ ಒತ್ತಿದರೆ ಎಡಕ್ಕೆ.

ತಪ್ಪು ಬರೆದರೆ ಏನು ಮಾಡೋದು?

1. ಇನ್ನೂ ಎಂಟರ್ ಒತ್ತಿಲ್ಲವಾದರೆ ಎಸ್ಕೇಪ್ ಒತ್ತಿ. ಹಳೆಯದೇ ಉಳಿಯುತ್ತೆ.
2. ಒತ್ತಿ ಆಗಿದ್ದರೆ ಕಂಟ್ರೋಲ್ + ಝಡ್. ಮಾಡಿದ್ದು ಹಿಂದಕ್ಕೆ ಹೋಗುತ್ತೆ.
3. ಒಂದೇ ಅಕ್ಷರ ತಿದ್ದಬೇಕಾದರೆ ಆ ಮನೆಗೆ ಹೋಗಿ ಎಫ್2 ಒತ್ತಿ. ಇದ್ದದ್ದು ಅಳಿಸದೆ ಒಳಗೆ ತಿದ್ದಬಹುದು.
4. ಇವತ್ತಿನ ತಾರೀಖು ಬೇಕಾದರೆ ಕಂಟ್ರೋಲ್ ಹಿಡಿದು ಅರ್ಧವಿರಾಮದ ಕೀಲಿ (;) ಒತ್ತಿ.

ಎಲ್ಲಕ್ಕಿಂತ ಮುಖ್ಯ ಕಂಟ್ರೋಲ್ + ಎಸ್. ಇದು ಉಳಿಸುವ ಕೀಲಿ. ನಮ್ಮೂರಿನ ಕರೆಂಟು ಹೇಳಿ ಹೋಗೋದಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಯ ಸಾಲು ಮುಗಿದ ಮೇಲೂ ಒತ್ತುವ ರೂಢಿ ಮಾಡಿಕೊಳ್ಳಿ.

ಮೂರನೇ ಪಾಠ: ಮೊತ್ತ, ಶೇಕಡ

ಮೊತ್ತ ಹೆಚ್ ಕಂಬಸಾಲಿನಲ್ಲಿ ಬರಲಿ. ಹೆಚ್2ರಲ್ಲಿ =ಸಮ್(ಬಿ2:ಜಿ2) ಎಂದು ಬರೆಯಬೇಕು. (ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.) ಎಕ್ಸೆಲ್‌ನಲ್ಲಿ ಆಲ್ಟ್ ಹಿಡಿದು ಸಮ ಚಿಹ್ನೆ (=) ಒತ್ತಿದರೆ ಈ ಸೂತ್ರವನ್ನು ಅದೇ ಬರೆದುಕೊಡುತ್ತೆ. ನಾವು ನೋಡಿ ಎಂಟರ್ ಒತ್ತಿದರೆ ಸಾಕು.

ಒಬ್ಬರದು ಆಯ್ತು. ಉಳಿದ 39 ಮಕ್ಕಳಿಗೆ? ಮತ್ತೆ ಮತ್ತೆ ಬರೆಯಬೇಕಿಲ್ಲ. ಹೀಗೆ ಮಾಡಿ:

1. ಹೆಚ್2ರಲ್ಲಿ ನಿಂತು ಎಡ ಬಾಣ ಒತ್ತಿ. ಜಿ2ಕ್ಕೆ ಬಂದಿರಿ.
2. ಕಂಟ್ರೋಲ್ + ಕೆಳ ಬಾಣ. ಜಿ41ಕ್ಕೆ ನೆಗೆದಿರಿ.
3. ಬಲ ಬಾಣ. ಹೆಚ್41.
4. ಕಂಟ್ರೋಲ್ + ಶಿಫ್ಟ್ + ಮೇಲು ಬಾಣ. ಹೆಚ್41ರಿಂದ ಹೆಚ್2ರ ತನಕ ಬಣ್ಣ ತುಂಬಿಕೊಳ್ಳುತ್ತೆ.
5. ಕಂಟ್ರೋಲ್ + ಡಿ. ಎಲ್ಲರ ಮೊತ್ತವೂ ಬಂತು!

ಹೆಚ್2ರಿಂದಲೇ ಕೆಳಕ್ಕೆ ಯಾಕೆ ನೆಗೆಯಬಾರದು ಅಂತ ಕೇಳಬಹುದು. ಹೆಚ್ ಕಂಬಸಾಲು ಇನ್ನೂ ಖಾಲಿ ಇದೆ. ತಡೆಯೋದಕ್ಕೆ ಏನೂ ಇಲ್ಲದೆ ಹಾಳೆಯ ಕೊಟ್ಟಕೊನೆಗೆ ಹೋಗಿಬಿಡುತ್ತೆ. ಅದಕ್ಕೇ ತುಂಬಿದ ಪಕ್ಕದ ಮನೆಗಳ ಮೇಲೆ ಹೆಜ್ಜೆ ಇಟ್ಟು ಇಳಿಯೋದು. ಜಿ ಕಂಬಸಾಲಿನಲ್ಲಿ ನಡುವೆ ಒಂದು ಮನೆ ಖಾಲಿ ಇದ್ದರೂ ನೆಗೆತ ಅಲ್ಲೇ ನಿಂತುಬಿಡುತ್ತೆ, ನೋಡಿಕೊಳ್ಳಿ.

ಈಗ ಶೇಕಡ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಈ 625ನ್ನು ಕೆ1ರಲ್ಲಿ ಒಂದು ಸಲ ಬರೆದಿಡಿ. ಐ2ರಲ್ಲಿ =ಹೆಚ್2/ಕೆ1*100 ಎಂದು ಬರೆಯಿರಿ. ಆದರೆ ಇದನ್ನು ಕೆಳಕ್ಕೆ ಇಳಿಸಿದಾಗ ಹೆಚ್2 ಹೋಗಿ ಹೆಚ್3 ಆಗುವ ಹಾಗೆ ಕೆ1 ಕೂಡ ಕೆ2 ಆಗಿಬಿಡುತ್ತೆ. ಕೆ2ರಲ್ಲಿ ಏನೂ ಇಲ್ಲ! ಸೊನ್ನೆಯಿಂದ ಭಾಗಿಸಿದ ಹಾಗಾಗಿ ದೋಷ ತೋರಿಸುತ್ತೆ. ಅದಕ್ಕೆ ಬರೆಯುವಾಗಲೇ ಕೆ1ರ ಮೇಲೆ ಎಫ್4 ಒತ್ತಬೇಕು. ಅದು $ಕೆ$1 ಆಗುತ್ತೆ. ಡಾಲರ್ ಗುರುತು ಅಂದ್ರೆ ದುಡ್ಡಲ್ಲ, ಗೂಟ. ಗೂಟಕ್ಕೆ ಕಟ್ಟಿದ ಹಸು ಎಲ್ಲೂ ಹೋಗೋದಿಲ್ಲವಲ್ಲ, ಹಾಗೆ.

ಗೈರು ಮತ್ತು ಸೊನ್ನೆ ಒಂದೇ ಅಲ್ಲ!

ಇದು ಬಹಳ ಮುಖ್ಯ. ಪರೀಕ್ಷೆಗೆ ಬಾರದವರ ಮನೆಯಲ್ಲಿ 0 ಹಾಕಿದರೆ ಕಂಪ್ಯೂಟರ್ ಅದನ್ನು ಅಂಕ ಅಂತಲೇ ತಿಳಿಯುತ್ತೆ. ಮೂರು ಜನ 60, 70, 80 ತೆಗೆದಿದ್ದಾರೆ, ಒಬ್ಬರು ಬಂದಿಲ್ಲ ಅನ್ನಿ. ಸೊನ್ನೆ ಹಾಕಿದರೆ ಸರಾಸರಿ 210 ÷ 4 = 52.5. 'ಗೈರು' ಅಂತ ಅಕ್ಷರದಲ್ಲಿ ಬರೆದರೆ ಸರಾಸರಿಯ ಸೂತ್ರ ಅದನ್ನು ಬಿಟ್ಟು ಲೆಕ್ಕ ಮಾಡುತ್ತೆ, 210 ÷ 3 = 70. ಖಾಲಿ ಬಿಟ್ಟರೂ ಸರಾಸರಿ 70 ಬರುತ್ತೆ, ಆದರೆ ಗೈರೋ, ತುಂಬೋದು ಮರೆತದ್ದೋ ಅಂತ ಆಮೇಲೆ ಗೊತ್ತಾಗೋದಿಲ್ಲ. ಮೇಲೆ ಹೇಳಿದ ನೆಗೆತವೂ ಅಲ್ಲೇ ನಿಲ್ಲುತ್ತೆ. ಆದ್ದರಿಂದ ಗೈರು ಅಂತ ಬರೆಯೋದೇ ಒಳ್ಳೇದು.

ನಾಲ್ಕನೇ ಪಾಠ: ಆರಿಸುವುದು, ಜೋಡಿಸುವುದು

ಶಿಫ್ಟ್ ಹಿಡಿದು ಬಾಣ ಒತ್ತಿದರೆ ಒಂದೊಂದೇ ಮನೆ ಆಯ್ಕೆ ಆಗುತ್ತೆ. ಶಿಫ್ಟ್ + ಸ್ಪೇಸ್ ಒತ್ತಿದರೆ ಇಡೀ ಅಡ್ಡಸಾಲು. ಕಂಟ್ರೋಲ್ + ಸ್ಪೇಸ್ ಒತ್ತಿದರೆ ಇಡೀ ಕಂಬಸಾಲು. ಕೆಲವು ಕಂಪ್ಯೂಟರಿನಲ್ಲಿ ಕನ್ನಡ ಇಂಗ್ಲಿಷ್ ಬದಲಿಸೋದಕ್ಕೆ ಇದೇ ಜೋಡಿಯನ್ನು ಇಟ್ಟಿರುತ್ತಾರೆ. ಅಲ್ಲಿ ಕಂಬಸಾಲಿನ ಬದಲು ಭಾಷೆ ಬದಲಾಗುತ್ತೆ.

ಆಯ್ಕೆ ಆದ ಮೇಲೆ ಕಂಟ್ರೋಲ್ + ಸಿ ನಕಲು, ಕಂಟ್ರೋಲ್ + ಎಕ್ಸ್ ಕತ್ತರಿ, ಕಂಟ್ರೋಲ್ + ವಿ ಅಂಟಿಸು. ಕೀಲಿಮಣೆ ನೋಡಿ. ಝಡ್, ಎಕ್ಸ್, ಸಿ, ವಿ ನಾಲ್ಕೂ ಎಡಗಡೆ ಕೆಳಗೆ ಕಂಟ್ರೋಲ್ ಹತ್ತಿರವೇ ಸಾಲಾಗಿವೆ. ಎಡಗೈ ಒಂದೇ ಸಾಕು. ಕತ್ತರಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ರೂಪಿಸಿದರು. ಟೆಸ್ಲರ್ 2020ರಲ್ಲಿ ತೀರಿಕೊಂಡರು.

ರ‍್ಯಾಂಕ್ ಪ್ರಕಾರ ಜೋಡಿಸುವಾಗ ಎಚ್ಚರ! ಬರೀ ಅಂಕದ ಒಂದು ಕಂಬಸಾಲನ್ನು ಆರಿಸಿ ಜೋಡಿಸಿದರೆ ಅಂಕಗಳು ಮೇಲೆ ಕೆಳಗೆ ಆಗುತ್ತವೆ, ಹೆಸರುಗಳು ಇದ್ದಲ್ಲೇ ಇರುತ್ತವೆ. ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ! ಜೋಡಿಸುವ ಮೊದಲು ಹೆಸರೂ ಸೇರಿ ಪೂರ್ತಿ ಪಟ್ಟಿ ಆಯ್ಕೆ ಆಗಿದೆಯಾ ನೋಡಿ. ಕಂಪ್ಯೂಟರ್ ಪ್ರಶ್ನೆ ಕೇಳಿದರೆ ಓದದೆ ಎಂಟರ್ ಒತ್ತಬೇಡಿ.

ಎಕ್ಸೆಲ್, ಕ್ಯಾಲ್ಕ್ ಅದಲು ಬದಲು

ಒಂದೇ ಮನೆಯಲ್ಲಿ ಎರಡು ಸಾಲು ಬರೆಯಬೇಕಾದರೆ ಎಕ್ಸೆಲ್‌ನಲ್ಲಿ ಆಲ್ಟ್ + ಎಂಟರ್, ಕ್ಯಾಲ್ಕ್‌ನಲ್ಲಿ ಕಂಟ್ರೋಲ್ + ಎಂಟರ್. ಆರಿಸಿದ ಎಲ್ಲ ಮನೆಗೂ ಒಂದೇ ಮಾತು ತುಂಬಬೇಕಾದರೆ ಎಕ್ಸೆಲ್‌ನಲ್ಲಿ ಕಂಟ್ರೋಲ್ + ಎಂಟರ್, ಕ್ಯಾಲ್ಕ್‌ನಲ್ಲಿ ಆಲ್ಟ್ + ಎಂಟರ್. ಸರಿಯಾಗಿ ತಿರುವುಮುರುವು! ಶಾಲೆಯಲ್ಲಿ ಒಂದು, ಸೈಬರ್ ಸೆಂಟರಿನಲ್ಲಿ ಇನ್ನೊಂದು ಬಳಸುವವರು ಇದನ್ನು ಗುರುತು ಹಾಕಿಕೊಳ್ಳಿ.

ಬೇಗ ಇದ್ದರೆ ಸಾಲದು, ಸರಿ ಇರಬೇಕು

ಅವಸರವೇ ಅಪಘಾತಕ್ಕೆ ಕಾರಣ ಅಂತ ಲಾರಿ ಹಿಂದೆ ಬರೆದಿರುತ್ತಾರಲ್ಲ, ಅದು ಇಲ್ಲಿಗೂ ಹೊಂದುತ್ತೆ. ನಾವು ತುಂಬೋದು ಬರೀ ಸಂಖ್ಯೆ ಅಲ್ಲ, ಒಬ್ಬ ಹುಡುಗ ಹುಡುಗಿಯ ವರ್ಷದ ಓದು. ಆಗುವ ತಪ್ಪು ಮುಖ್ಯವಾಗಿ ಎರಡು ತರಹ.

ಮೊದಲನೆಯದು ಸಾಲು ಜಾರುವುದು. ನಡುವೆ ಒಬ್ಬರು ಗೈರು. ಅವರ ಮನೆಯಲ್ಲಿ ಏನೂ ಬರೆಯದೆ, ಎಂಟರೂ ಒತ್ತದೆ ಮುಂದಿನವರ ಅಂಕ ಹಾಕಿಬಿಟ್ಟರೆ ಅಲ್ಲಿಂದ ಕೆಳಗಿನ ಎಲ್ಲರಿಗೂ ಪಕ್ಕದವರ ಅಂಕ! ಕಂಬಸಾಲಿನ ಮೊತ್ತ ಮಾತ್ರ ಸರಿಯಾಗಿಯೇ ಬರುತ್ತೆ, ಹಾಗಾಗಿ ಮೊತ್ತ ನೋಡಿ ಕಂಡುಹಿಡಿಯೋಕೆ ಆಗಲ್ಲ. ಉಪಾಯ ಏನೆಂದರೆ, ಕಟ್ಟಿನ ಕೊನೆಯ ಪೇಪರ್ ಮುಗಿದಾಗ ನೀವು ಕೊನೆಯ ಹೆಸರಿನ ಸಾಲಿನಲ್ಲೇ ಇದ್ದೀರಾ ನೋಡಿ. ಇಲ್ಲದಿದ್ದರೆ ಎಲ್ಲೋ ಜಾರಿದೆ.

ಎರಡನೆಯದು ಅಂಕಿ ತಿರುವುಮುರುವು. 98ರ ಬದಲು 89, 36ರ ಬದಲು 63. ಇದಕ್ಕೆ ಲೆಕ್ಕ ಬರೆಯುವವರ ಹಳೆಯ ಉಪಾಯ ಒಂದಿದೆ. ಪೇಪರ್ ಮೇಲಿನ ಅಂಕಗಳನ್ನು ಕೂಡಿ ಬಂದ ಮೊತ್ತಕ್ಕೂ ಕಂಪ್ಯೂಟರಿನ ಮೊತ್ತಕ್ಕೂ ವ್ಯತ್ಯಾಸ ಬಂದರೆ ಅದನ್ನು 9ರಿಂದ ಭಾಗಿಸಿ. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿ ತಿರುಗಿರುವ ಸಂಭವ ಹೆಚ್ಚು. ಯಾಕೆ? ಹತ್ತರ ಸ್ಥಾನದಲ್ಲಿ ಅ, ಬಿಡಿ ಸ್ಥಾನದಲ್ಲಿ ಬ ಇದ್ದರೆ ಸಂಖ್ಯೆ 10ಅ + ಬ. ತಿರುಗಿಸಿದರೆ 10ಬ + ಅ. ಕಳೆದರೆ 9ಅ − 9ಬ, ಅಂದರೆ 9(ಅ − ಬ). ಯಾವಾಗಲೂ 9ರ ಅಪವರ್ತ್ಯ! 98 − 89 = 9, 63 − 36 = 27. ಗಣಿತದ ಪೀರಿಯಡ್‌ನಲ್ಲಿ ಕಲಿತ ಬೀಜಗಣಿತ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಇದರ ಜೊತೆ ಒಬ್ಬರು ಹೆಸರು, ಅಂಕ ಗಟ್ಟಿಯಾಗಿ ಓದೋದು, ಇನ್ನೊಬ್ಬರು ಒತ್ತೋದು. ಮುಗಿದ ಮೇಲೆ ಒತ್ತಿದವರು ಪರದೆ ನೋಡಿ ಓದೋದು, ಇನ್ನೊಬ್ಬರು ಪೇಪರ್ ನೋಡೋದು. ಇದಕ್ಕೆ ಮೀರಿದ ಶಾರ್ಟ್‌ಕಟ್ ಯಾವುದೂ ಇಲ್ಲ.

ಹೆಸರು ಕನ್ನಡದಲ್ಲೇ ಬರೆಯೋಣ

ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇದೆ. ಕರ್ನಾಟಕ ಸರ್ಕಾರ ಒಪ್ಪಿಕೊಂಡಿರುವ ಕಗಪ ವಿನ್ಯಾಸಕ್ಕೆ ಅದೇ ಆಧಾರ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲೂ ಇದು ಇದೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. 'ಅಕ್ಕ' ಬರೆಯಲು ಎ, ಕೆ, ಎಫ್, ಕೆ. 'ಅಪ್ಪ' ಬರೆಯಲು ಎ, ಪಿ, ಎಫ್, ಪಿ. ಎಷ್ಟು ಸುಲಭ!

ಹೆಸರುಗಳನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು, ಅಕಾರಾದಿಯಾಗಿ ಜೋಡಿಸಿದರೂ ಸರಿ ಬರೋದಿಲ್ಲ. ಕನ್ನಡದಲ್ಲಿರುವಾಗ ಯಾವುದಾದರೂ ಶಾರ್ಟ್‌ಕಟ್ ಕೆಲಸ ಮಾಡದಿದ್ದರೆ ಇಂಗ್ಲಿಷಿಗೆ ಬದಲಿಸಿ ಒತ್ತಿ ನೋಡಿ.

ಕಣ್ಣು ಕಾಣದವರಿಗೆ ಕೀಲಿಯೇ ದಾರಿ

ನಮಗೆ ಶಾರ್ಟ್‌ಕಟ್ ಅಂದ್ರೆ ಸಮಯ ಉಳಿತಾಯ. ಕಣ್ಣು ಕಾಣದವರಿಗೆ ಅದಕ್ಕಿಂತ ದೊಡ್ಡದು. ಪರದೆಯ ಮೇಲಿನ ಬಾಣದ ಗುರುತು ಕಾಣದಿದ್ದರೆ ಮೌಸ್ ಇದ್ದೂ ಪ್ರಯೋಜನ ಇಲ್ಲ. ಅವರು ಪೂರ್ತಿ ಕೀಲಿಮಣೆಯಿಂದಲೇ ಕೆಲಸ ಮಾಡುತ್ತಾರೆ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದು ಉಚಿತ. ಅದನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದವರು ಮೈಕೆಲ್ ಕರನ್. ಅವರ ಜೊತೆ ಕೈಜೋಡಿಸಿ ಬೆಳೆಸಿದವರು ಜೇಮ್ಸ್ ಟೆಹ್. ಇಬ್ಬರಿಗೂ ಕಣ್ಣು ಕಾಣದು. ಒಂದು ಮನೆಯಿಂದ ಇನ್ನೊಂದಕ್ಕೆ ಬಾಣ ಒತ್ತಿ ಹೋದರೆ ಅದು ಒಳಗಿರುವ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ಹೇಳುತ್ತೆ. ಒಂದು ಸಲ ಮೌಸನ್ನು ಪಕ್ಕಕ್ಕಿಟ್ಟು ಐದು ನಿಮಿಷ ಕೆಲಸ ಮಾಡಿ ನೋಡಿ, ಅವರ ಶ್ರಮ, ಜಾಣತನ ಎರಡೂ ಅರ್ಥವಾಗುತ್ತೆ.

ಕಲಿಯುವುದು ಹೇಗೆ?

ಎಲ್ಲವನ್ನೂ ಒಂದೇ ದಿನ ಬಾಯಿಪಾಠ ಮಾಡಬೇಡಿ, ಮರೆತು ಹೋಗುತ್ತೆ. ವಾರಕ್ಕೆ ಮೂರು ಸಾಕು. ಮೊದಲ ವಾರ ಕಂಟ್ರೋಲ್ + ಎಸ್, ಕಂಟ್ರೋಲ್ + ಝಡ್, ಟ್ಯಾಬ್ ಮತ್ತು ಎಂಟರ್. ಎರಡನೇ ವಾರ ಕಂಟ್ರೋಲ್ + ಬಾಣ, ಶಿಫ್ಟ್ + ಬಾಣ, ಎಫ್2. ಮೂರನೇ ವಾರ ಕಂಟ್ರೋಲ್ + ಸಿ, ಕಂಟ್ರೋಲ್ + ವಿ, ಕಂಟ್ರೋಲ್ + ಡಿ. ಎಫ್4ರ ಗೂಟ ಅದಾದ ಮೇಲೆ.

ಕಂಪ್ಯೂಟರ್ ಸಿಗದ ದಿನ ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಂಡು ಬೆರಳು ಇಟ್ಟು ಅಭ್ಯಾಸ ಮಾಡಬಹುದು. ಟೈಪಿಂಗ್ ಕಲಿಯುವವರು ಕೂಡ ಕೀಲಿ ನೋಡದೆ ಒಂದೇ ಸಾಲನ್ನು ಮತ್ತೆ ಮತ್ತೆ ಒತ್ತಿ ಕೈ ಪಳಗಿಸಿಕೊಳ್ಳುತ್ತಾರೆ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಪಕ್ಕದಲ್ಲಿ ಕೂತ ಮೂವರೂ ಸುಮ್ಮನಿರಬೇಕಿಲ್ಲ. ಒಬ್ಬರು ಓದಿ, ಒಬ್ಬರು ಒತ್ತಿ, ಒಬ್ಬರು ತಾಳೆ ನೋಡಿ, ಒಬ್ಬರು ಯಾವ ಕೀಲಿ ಮರೆತರು ಅಂತ ಬರೆದಿಡಿ. ಆಗ ನಾಲ್ವರಿಗೂ ಹತ್ತು ನಿಮಿಷ ಅಲ್ಲ, ನಲವತ್ತು ನಿಮಿಷವೂ ಸಿಕ್ಕ ಹಾಗೆ.

ಗುರುಗಳಲ್ಲಿ ಒಂದು ವಿನಂತಿ. ಕಿರುಪರೀಕ್ಷೆಯ ಅಂಕ ತುಂಬುವಾಗ ನಮ್ಮಲ್ಲಿ ಇಬ್ಬರನ್ನು ಓದಿ ತಾಳೆ ನೋಡಲು ಕರೆಯಿರಿ. ನಮಗೆ ಕಲಿತ ಹಾಗೂ ಆಗುತ್ತೆ, ತಮಗೆ ಹೊತ್ತೂ ಉಳಿಯುತ್ತೆ.

ಈ ಸಂಚಿಕೆಯ ಪ್ರಶ್ನೆಗಳು

1. ಹೊಸ ಖಾಲಿ ಹಾಳೆ ತೆಗೆದು ಎ1ರಲ್ಲಿ ನಿಂತು ಕಂಟ್ರೋಲ್ + ಕೆಳ ಬಾಣ ಒತ್ತಿ. ಎಷ್ಟನೇ ಅಡ್ಡಸಾಲಿಗೆ ಹೋದಿರಿ? ಆ ಸಂಖ್ಯೆ 2ರ ಎಷ್ಟನೇ ಘಾತ?
2. ಪೇಪರಿನ ಮೊತ್ತ 2,415, ಕಂಪ್ಯೂಟರಿನ ಮೊತ್ತ 2,460. ಯಾವ ತರಹದ ತಪ್ಪು ಇರಬಹುದು? ಹೇಗೆ ಹೇಳುವಿರಿ?
3. ಕೆ1ಕ್ಕೆ ಗೂಟ ಹಾಕುವ ಕೀಲಿ ಯಾವುದು?

ಉತ್ತರವನ್ನು ಚೀಟಿಯಲ್ಲಿ ಹೆಸರು, ತರಗತಿ ಸಮೇತ ಬರೆದು ಈ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಶನಿವಾರದೊಳಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ನಿಮಗೆ ಗೊತ್ತಿರುವ ಬೇರೆ ಕೀಲಿಗಳಿದ್ದರೆ ಅವನ್ನೂ ಬರೆಯಿರಿ, ಎಲ್ಲರೂ ಕಲಿಯೋಣ.